ಹಳೆಯ ಮೈಸೂರು ಸೀಮೆಯ ಜಮೀನು ವಕೀಲರ ವೃತ್ತಿಜೀವನ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಕ್ರಯಪತ್ರ ಸಿಕ್ಕವರು, ಊರಿನ ಇತಿಹಾಸ ಬರೆಯಲು ಹೊರಟವರು, ಈಗಷ್ಟೇ ವಕೀಲಿ ವೃತ್ತಿಗೆ ಬಂದ ಕಿರಿಯರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. 1881ರಲ್ಲಿ ಆಡಳಿತ ಒಡೆಯರ ಕೈಗೆ ಮರಳಿದ ಮೇಲಿನ ಮೈಸೂರು ಸಂಸ್ಥಾನದಿಂದ ಹಿಡಿದು 1970ರ ದಶಕದ ಭೂಸುಧಾರಣೆಯವರೆಗೆ, ತಾಲ್ಲೂಕು ಮತ್ತು ಜಿಲ್ಲಾ ಕೇಂದ್ರಗಳಲ್ಲಿ ಜಮೀನು, ಮನೆ, ನಿವೇಶನಗಳ ವ್ಯವಹಾರವನ್ನೇ ಮುಖ್ಯ ಕಸುಬಾಗಿ ನಡೆಸಿದ ವಕೀಲರನ್ನು ಕುರಿತು ಇದನ್ನು ಬರೆದಿದೆ.

ಆ ಕಾಲದಲ್ಲಿ ‘ಜಮೀನು ವಕೀಲ’ ಎಂಬ ಪ್ರತ್ಯೇಕ ವರ್ಗವಿತ್ತೆ?

ಕಾನೂನಿನ ದೃಷ್ಟಿಯಲ್ಲಿ ಇರಲಿಲ್ಲ. ಅಡ್ವೊಕೇಟ್, ಪ್ಲೀಡರ್ ಎಂಬ ದರ್ಜೆಗಳಿದ್ದವು. 1961ರ ವಕೀಲರ ಕಾಯ್ದೆ ಬಂದ ಮೇಲೆ ಆ ಹಳೆಯ ದರ್ಜೆಗಳು ಹೋಗಿ ಎಲ್ಲರೂ ಅಡ್ವೊಕೇಟರಾದರು. ಆದರೆ ತಾಲ್ಲೂಕಿನ ಮುನ್ಸೀಫ್ ಕೋರ್ಟಿಗೆ ಬರುತ್ತಿದ್ದ ಸಿವಿಲ್ ದಾವೆಗಳಲ್ಲಿ ಬಹುಪಾಲು ಭೂಮಿಗೋ ಭೂಮಿಯ ಮೇಲೆ ಎತ್ತಿದ ಸಾಲಕ್ಕೋ ಸಂಬಂಧಿಸಿದವೇ ಆಗಿರುತ್ತಿದ್ದುದರಿಂದ, ಊರಿನವರಿಗೆ ‘ಸಿವಿಲ್ ವಕೀಲರು’ ಎಂದರೆ ಜಮೀನಿನ ವಕೀಲರೆಂದೇ ಅರ್ಥ. ಮುನ್ಸೀಫ್ ಕೋರ್ಟಿನ ಮೇಲೆ ಜಿಲ್ಲಾ ನ್ಯಾಯಾಲಯ, ಅದರ ಮೇಲೆ ಬೆಂಗಳೂರಿನ ಚೀಫ್ ಕೋರ್ಟ್ ಇತ್ತು. 1884ರಲ್ಲಿ ಸ್ಥಾಪನೆಯಾದ ಚೀಫ್ ಕೋರ್ಟ್ 1930ರಲ್ಲಿ ಮೈಸೂರು ಹೈಕೋರ್ಟ್ ಆಯಿತು. ತಾಲ್ಲೂಕಿನ ವಕೀಲರು ಅಲ್ಲಿಯವರೆಗೆ ಹೋಗುವುದು ಅಪರೂಪ. ಎರಡನೆಯ ಅಪೀಲಿಗೆ ಕಡತ ಕಟ್ಟಿ ಬೆಂಗಳೂರಿನ ವಕೀಲರಿಗೆ ಕಳಿಸಿಕೊಡುತ್ತಿದ್ದರು.

ಅವರ ದಿನ ಹೇಗೆ ಸಾಗುತ್ತಿತ್ತು?

ಬೆಳಿಗ್ಗೆ ಮನೆಯ ಮುಂಭಾಗದ ಕೋಣೆಯೇ ಕಚೇರಿ. ಹಳ್ಳಿಯಿಂದ ಬಂದ ಕಕ್ಷಿದಾರರು ಜಗುಲಿಯ ಮೇಲೆ ಕುಳಿತಿರುತ್ತಿದ್ದರು. ಬಟ್ಟೆಯ ಗಂಟಿನಲ್ಲಿ ಕಟ್ಟಿ ತಂದ ಕಾಗದಗಳನ್ನು ಗುಮಾಸ್ತರು ಬಿಚ್ಚಿ, ತಾರೀಖಿನ ಪ್ರಕಾರ ಜೋಡಿಸಿ ಕೊಡುತ್ತಿದ್ದರು. ಹನ್ನೊಂದರ ಹೊತ್ತಿಗೆ ಕೋರ್ಟು. ಮಧ್ಯಾಹ್ನ ಬಿಡುವಾದರೆ ಸಬ್‌ರಿಜಿಸ್ಟ್ರಾರ್ ಕಚೇರಿ ಅಥವಾ ತಾಲ್ಲೂಕು ಕಚೇರಿ. ಸಂಜೆ ಮತ್ತೆ ಕಾಗದಗಳ ಓದು, ವಾದಪತ್ರದ ಕರಡು.

ಕೋರ್ಟಿನಲ್ಲಿ ಎದ್ದು ನಿಂತು ವಾದಿಸುವುದೇ ವಕೀಲರ ಕೆಲಸವೆಂಬ ಚಿತ್ರ ನಮ್ಮ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದೆ. ಜಮೀನಿನ ವಕೀಲರ ಮಟ್ಟಿಗೆ ಅದು ಕೆಲಸದ ಸಣ್ಣ ಭಾಗ. ಅವರ ನಿಜವಾದ ವಿದ್ಯೆ ಓದುವುದರಲ್ಲಿತ್ತು. ಪತ್ರದಲ್ಲಿ ಯಾರ ಹೆಸರಿದೆ ಎಂಬುದನ್ನು ಅಕ್ಷರ ಬಲ್ಲ ಯಾರು ಬೇಕಾದರೂ ಹೇಳಬಹುದು. ಯಾರ ಹೆಸರು ಇರಬೇಕಾಗಿತ್ತು, ಇಲ್ಲ ಎಂಬುದನ್ನು ಕಂಡುಹಿಡಿಯುವವರನ್ನು ಜನ ಹುಡುಕಿಕೊಂಡು ಬರುತ್ತಿದ್ದರು.

ಕ್ರಯಪತ್ರಗಳನ್ನು ವಕೀಲರೇ ಬರೆಯುತ್ತಿದ್ದರೆ?

ಬಹಳ ಸಲ ಇಲ್ಲ. ಪತ್ರ ಬರಹಗಾರರು ಎಂಬ ಬೇರೆಯೇ ಕಸುಬಿನವರಿದ್ದರು. ಹಳ್ಳಿಯಲ್ಲಾದರೆ ಶಾನುಭೋಗರೇ ಬರೆದುಕೊಡುತ್ತಿದ್ದುದೂ ಉಂಟು. ಹಳೆಯ ಪತ್ರದ ಕೊನೆಯಲ್ಲಿ ‘ಬಿಕ್ಕಲಂ’ ಎಂದು ಬರೆದು ಅದರ ಮುಂದೆ ಒಂದು ಹೆಸರು ಇರುತ್ತದೆ. ಪತ್ರ ಬರೆದವರು ಅವರು. ದೊಡ್ಡ ಮೊತ್ತದ ವ್ಯವಹಾರ, ತಕರಾರಿರುವ ಜಮೀನು, ಅಪ್ರಾಪ್ತ ಮಕ್ಕಳಿರುವ ಮನೆ, ದತ್ತು ಹೋದವರ ಪಾಲು ಇಂಥವು ಬಂದಾಗ ಕರಡು ವಕೀಲರ ಕೈಯಿಂದ ಹೊರಡುತ್ತಿತ್ತು, ಶುದ್ಧಪ್ರತಿಯನ್ನು ಬಿಕ್ಕಲಂನವರು ಛಾಪಾ ಕಾಗದದ ಮೇಲೆ ದುಂಡಗಿನ ಅಕ್ಷರದಲ್ಲಿ ಇಳಿಸುತ್ತಿದ್ದರು.

ಪತ್ರ ಬರಹಗಾರರ ಭಾಷೆಯನ್ನು ಹಗುರವಾಗಿ ಕಾಣಬಾರದು. ‘ನಿಧಿ ನಿಕ್ಷೇಪ ಜಲ ಪಾಷಾಣ ಅಕ್ಷೀಣ ಆಗಾಮಿ ಸಿದ್ಧ ಸಾಧ್ಯಗಳೆಂಬ ಅಷ್ಟಭೋಗ ತೇಜಸ್ವಾಮ್ಯಗಳೊಡನೆ’, ‘ಪುತ್ರಪೌತ್ರ ಪಾರಂಪರ್ಯವಾಗಿ’ ಎಂಬ ಸಾಲುಗಳು ಶಾಸನಗಳ ಕಾಲದಿಂದ ನಡೆದು ಬಂದವು. ಕಲ್ಲಿನ ಮೇಲೆ ಕಂಡರಿಸಿದ್ದ ಮಾತುಗಳು ಛಾಪಾ ಕಾಗದದಲ್ಲೂ ಉಳಿದವು ಎಂಬುದು ನನಗೆ ಇವತ್ತಿಗೂ ಸಂತೋಷ ಕೊಡುವ ಸಂಗತಿ. ಆದರೆ ಮಾರುವವನಿಗೆ ಇಲ್ಲದ ಹಕ್ಕನ್ನು ಈ ಸಾಲುಗಳು ಕೊಳ್ಳುವವನಿಗೆ ಕೊಡಲಾರವು. ಆದ್ದರಿಂದ ವಕೀಲರು ಈ ಭಾಗವನ್ನು ದಾಟಿ, ನೇರವಾಗಿ ಮೂರು ಕಡೆ ನೋಡುತ್ತಿದ್ದರು: ಮಾರುವವರಿಗೆ ಆಸ್ತಿ ಹೇಗೆ ಬಂತೆಂದು ಹೇಳುವ ಪೀಠಿಕೆ, ಕ್ರಯದ ಹಣ ಯಾತಕ್ಕಾಗಿ ಬೇಕಾಯಿತೆಂಬ ವಿವರಣೆ, ಕೊನೆಯಲ್ಲಿ ಆಸ್ತಿಯ ವಿವರವಿರುವ ಷೆಡ್ಯೂಲಿನ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಎಲ್ಲೆಗಳು.

ಹಕ್ಕನ್ನು ಹೇಗೆ ಪರಿಶೀಲಿಸುತ್ತಿದ್ದರು?

ಮೊದಲು ನೋಂದಣಿ ದಾಖಲೆ. ಸ್ಥಿರಾಸ್ತಿಗೆ ಸಂಬಂಧಿಸಿದ ಪತ್ರಗಳನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯ 1ನೇ ಪುಸ್ತಕದಲ್ಲಿ ನಕಲು ಮಾಡಿಡುತ್ತಿದ್ದರು. ಅದಕ್ಕೆ ವ್ಯಕ್ತಿಗಳ ಹೆಸರಿನ ಪ್ರಕಾರ ಒಂದು, ಆಸ್ತಿಯ ಪ್ರಕಾರ ಇನ್ನೊಂದು ಇಂಡೆಕ್ಸ್ ಇರುತ್ತಿತ್ತು. ನಾವು ಇ.ಸಿ. ಎಂದು ಕರೆಯುವ ಋಣಭಾರ ಪತ್ರ ಈ ಇಂಡೆಕ್ಸುಗಳಿಂದಲೇ ಹುಟ್ಟುವಂಥದು. ಗಣಕಯಂತ್ರವಿಲ್ಲದ ಆ ದಿನಗಳಲ್ಲಿ ಗುಮಾಸ್ತರು ಶುಲ್ಕ ಕಟ್ಟಿ, ವರ್ಷವರ್ಷದ ಇಂಡೆಕ್ಸನ್ನು ಬೆರಳಿಟ್ಟು ಓದಬೇಕಾಗುತ್ತಿತ್ತು. ‘ತಿಮ್ಮಯ್ಯ ಬಿನ್ ಕೆಂಚಯ್ಯ’ ಎಂಬ ಹೆಸರಿನವರು ಒಂದೇ ಹೋಬಳಿಯಲ್ಲಿ ನಾಲ್ಕಾರು ಜನ ಇರಬಹುದು. ಒಬ್ಬನೇ ಮನುಷ್ಯನ ಹೆಸರು ಒಂದು ಪತ್ರದಲ್ಲಿ ತಿಮ್ಮಯ್ಯ, ಇನ್ನೊಂದರಲ್ಲಿ ತಿಮ್ಮೇಗೌಡ, ಮತ್ತೊಂದರಲ್ಲಿ ಅಡ್ಡಹೆಸರಿನೊಡನೆ ತಿಮ್ಮ ಎಂದಿರಬಹುದು. ಇಂಡೆಕ್ಸಿನಲ್ಲಿ ಹೆಸರು ಸಿಗಲಿಲ್ಲ ಎಂದರೆ ವ್ಯವಹಾರ ನಡೆದೇ ಇಲ್ಲ ಎಂದು ಅನುಭವಸ್ಥರು ನಂಬುತ್ತಿರಲಿಲ್ಲ.

ನೋಂದಣಿಯಾಗದ ಪತ್ರಗಳ ಪಾಡು ಬೇರೆ. ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಕ್ರಯಕ್ಕೆ ನೋಂದಣಿ ಕಡ್ಡಾಯ. ಅದಕ್ಕಿಂತ ಕಡಿಮೆಯದಾದರೆ ಸ್ವಾಧೀನ ಬಿಟ್ಟುಕೊಟ್ಟರೂ ಸಾಕು. ಆದ್ದರಿಂದ ನೂರಕ್ಕೆ ಒಂದು ರೂಪಾಯಿ ಕಡಿಮೆ ನಮೂದಿಸಿದ ಹಳೆಯ ಪತ್ರ ಕಂಡರೆ ಅದರ ಕಾರಣವನ್ನು ಬೇರೆ ಹೇಳಬೇಕಾಗಿಲ್ಲ.

ಎರಡನೆಯದು ಕಂದಾಯ ದಾಖಲೆ: ಖಾತೆ, ಪಹಣಿ, ಕಂದಾಯ ಕಟ್ಟಿದ ರಶೀದಿ. ಖಾತೆ ಯಾರ ಹೆಸರಿನಲ್ಲಿದೆಯೋ ಜಮೀನು ಅವರದೇ ಎಂಬ ನಂಬಿಕೆ ಆಗಲೂ ಇತ್ತು, ಈಗಲೂ ಇದೆ. ಖಾತೆ ಎಂಬುದು ಕಂದಾಯ ಯಾರಿಂದ ವಸೂಲು ಮಾಡಬೇಕೆಂದು ಸರ್ಕಾರ ಇಟ್ಟುಕೊಂಡ ಲೆಕ್ಕ. ಅದರಿಂದಲೇ ಹಕ್ಕು ಹುಟ್ಟುವುದಿಲ್ಲ. ಆದರೂ ವಕೀಲರು ಪಹಣಿಯನ್ನು ಬಹಳ ಎಚ್ಚರದಿಂದ ಓದುತ್ತಿದ್ದರು. ಮಾಲೀಕರ ಕಾಲಂ ಒಂದು ಹೆಸರು ಹೇಳಿ ಸಾಗುವಳಿದಾರರ ಕಾಲಂ ಇನ್ನೊಂದು ಹೆಸರು ಹೇಳಿದರೆ, ಮುಂದೆ ಬರಬಹುದಾದ ದಾವೆ ಅಲ್ಲಿಯೇ ಕಾಣಿಸುತ್ತಿತ್ತು.

ಮೂವತ್ತು ವರ್ಷ ಹಿಂದಿನವರೆಗೆ ಪತ್ರ ಕೇಳುವ ರೂಢಿಗೂ ಆಧಾರವಿದೆ. ಯೋಗ್ಯ ವಶದಿಂದ ಬಂದ, ಮೂವತ್ತು ವರ್ಷ ತುಂಬಿದ ಪತ್ರದ ಸಹಿ ಮತ್ತು ಬರಹ ಸಾಚಾ ಎಂದು ಕೋರ್ಟು ಭಾವಿಸಬಹುದೆಂದು 1872ರ ಸಾಕ್ಷ್ಯ ಅಧಿನಿಯಮದ 90ನೇ ಪ್ರಕರಣ ಹೇಳುತ್ತಿತ್ತು. ಬರೆದವರೂ ಸಾಕ್ಷಿ ಹಾಕಿದವರೂ ತೀರಿಕೊಂಡ ಮೇಲೆ ಪತ್ರ ತನ್ನ ಕಾಲ ಮೇಲೆ ನಿಲ್ಲಲು ಬೇಕಾದ ಅವಧಿ ಅದು.

ಅಳತೆ, ಸರ್ವೆ ವಿಷಯವನ್ನೂ ವಕೀಲರು ತಿಳಿದಿರಬೇಕಾಗಿತ್ತೆ?

ತಿಳಿಯದೆ ಒಂದು ಚಕ್ಕುಬಂದಿ ದಾವೆಯನ್ನೂ ನಡೆಸಲಾಗುತ್ತಿರಲಿಲ್ಲ. ಮೈಸೂರಿನಲ್ಲಿ ಬೊಂಬಾಯಿ ಮಾದರಿಯ ಸರ್ವೆ ಮತ್ತು ಕಂದಾಯ ನಿಗದಿ 1863ರಲ್ಲಿ ಶುರುವಾಯಿತು. ಸರಪಳಿಯ ಉದ್ದ 33 ಅಡಿ, ಅದರಲ್ಲಿ ಹದಿನಾರು ಆಣೆ. ಒಂದು ಸರಪಳಿ ಚದರ, ಅಂದರೆ 1089 ಚದರ ಅಡಿ, ಒಂದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಸರ್ವೆ ನಂಬರನ್ನು ಮೊದಲು ಅಳೆದಾಗ ಬರೆದಿಟ್ಟ ಟಿಪ್ಪಣಿ, ವಿಸ್ತೀರ್ಣ ಮತ್ತು ಕಂದಾಯ ಹೇಳುವ ಆಕಾರಬಂದ್, ಗ್ರಾಮನಕ್ಷೆ ಇವು ಮೂಲ ದಾಖಲೆಗಳು. ಒಂದು ನಂಬರಿನಲ್ಲಿ ಎರಡು ಎಕರೆ ಕೊಂಡವನಿಗೆ ಪೋಡಿಯಾಗಿ (ಸರ್ವೆ ನಂಬರನ್ನು ಅಳೆದು ಭಾಗ ಮಾಡಿ) ಹಿಸ್ಸಾ ನಂಬರು ಬೀಳುವವರೆಗೆ ಆ ಎರಡು ಎಕರೆ ಎಲ್ಲಿದೆ ಎಂಬುದನ್ನು ಚಕ್ಕುಬಂದಿಯೇ ಹೇಳಬೇಕು. ‘ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ನನ್ನ ತಮ್ಮನ ಬಾಬ್ತು ಜಮೀನು’ ಎಂದು ಬರೆದಿದ್ದರೆ, ಹಳ್ಳ ದಿಕ್ಕು ಬದಲಿಸಿದ ಮೇಲೆ, ತಮ್ಮ ತನ್ನ ಜಮೀನನ್ನು ಮಾರಿದ ಮೇಲೆ ಏನು ಮಾಡಬೇಕು? ವಿಸ್ತೀರ್ಣಕ್ಕೂ ಚಕ್ಕುಬಂದಿಗೂ ತಾಳೆಯಾಗದಿದ್ದರೆ ಸ್ಪಷ್ಟವಾದ ಚಕ್ಕುಬಂದಿಯೇ ಸಾಮಾನ್ಯವಾಗಿ ಮೇಲು ಎಂಬುದು ಕೋರ್ಟುಗಳ ನಿಲುವು. ಇಂಥ ದಾವೆಗಳಲ್ಲಿ ಸ್ಥಳ ನೋಡಲು ಕೋರ್ಟಿನಿಂದ ಕಮಿಷನರ್ ನೇಮಕವಾಗಿ, ಇಬ್ಬರು ವಕೀಲರೂ ಬಿಸಿಲಿನಲ್ಲಿ ಬದುವಿನ ಮೇಲೆ ನಡೆದು, ಬಾಂದುಕಲ್ಲು ಮೂಲ ಜಾಗದಲ್ಲಿದೆಯೆ ಎಂದು ನೋಡಬೇಕಾಗುತ್ತಿತ್ತು.

ಅವರನ್ನು ಅತಿ ಹೆಚ್ಚು ಕಾಡುತ್ತಿದ್ದ ಪ್ರಶ್ನೆ ಯಾವುದು?

ಅವಿಭಕ್ತ ಕುಟುಂಬದ್ದು. ಹಿಂದೂ ಕಾನೂನಿನ ಮಿತಾಕ್ಷರ ಪದ್ಧತಿಯಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತಿತ್ತು. ಗರ್ಭದಲ್ಲಿದ್ದ ಮಗನ ಹಕ್ಕೂ ಎಣಿಕೆಗೆ ಬರುತ್ತಿತ್ತು. ಮನೆಯ ಯಜಮಾನ ಆ ಆಸ್ತಿಯನ್ನು ಮಾರಬೇಕಾದರೆ ಕುಟುಂಬದ ನಿಜವಾದ ಅಗತ್ಯ ಇರಬೇಕು, ಇಲ್ಲವೆ ಅದರಿಂದ ಆಸ್ತಿಗೆ ಒಳಿತಾಗಬೇಕು. 1856ರಲ್ಲಿ ಹನುಮಾನ್ ಪರ್ಸಾದ್ ಪಾಂಡೆ ಮೊಕದ್ದಮೆಯಲ್ಲಿ ಲಂಡನ್ನಿನ ಮೇಲ್ಮನವಿ ನ್ಯಾಯಪೀಠವಾದ ಪ್ರಿವಿ ಕೌನ್ಸಿಲ್ ಹೇಳಿದ ಮಾತು ಈ ವಿಷಯದ ತಳಪಾಯವಾಯಿತು: ಕೊಳ್ಳುವವನು ಅಥವಾ ಸಾಲ ಕೊಡುವವನು ಅಗತ್ಯ ಇದೆಯೆ ಎಂದು ಪ್ರಾಮಾಣಿಕವಾಗಿ ವಿಚಾರಿಸಬೇಕು, ವಿಚಾರಿಸಿದ್ದರೆ, ಹಣ ಕೊನೆಗೆ ಎಲ್ಲಿ ಖರ್ಚಾಯಿತೆಂದು ಬೆನ್ನುಹತ್ತುವ ಹೊಣೆ ಅವನದಲ್ಲ.

ಹಳೆಯ ಪತ್ರಗಳಲ್ಲಿ ‘ಮಗಳ ಮದುವೆ ಖರ್ಚಿನ ಬಾಬ್ತು, ಸರ್ಕಾರಿ ಕಂದಾಯದ ಬಾಕಿ ಬಾಬ್ತು, ಇಂಥವರಿಗೆ ಕೊಡಬೇಕಾದ ಹಳೆಯ ಸಾಲದ ಬಾಬ್ತು’ ಎಂದು ವಿವರವಾಗಿ ಬರೆದಿರುವುದು ಈ ಕಾರಣಕ್ಕಾಗಿಯೇ. ಓದುವವರಿಗೆ ಅದು ಬಡತನದ ಕಥೆಯಂತೆ ಕಾಣುತ್ತದೆ, ಎಷ್ಟೋ ಸಲ ನಿಜವೂ ಹೌದು. ಆದರೆ ಅದನ್ನು ಬರೆಸಿದ್ದು ಇಪ್ಪತ್ತು ವರ್ಷದ ಮೇಲೆ ದಾವೆ ಹೂಡಬಹುದಾದ ಮಗನನ್ನು ಮನಸ್ಸಿನಲ್ಲಿಟ್ಟುಕೊಂಡು. ತಂದೆ ಮಾಡಿದ ಪರಭಾರೆಯನ್ನು ಮಗ ಪ್ರಶ್ನಿಸಲು, ಕೊಂಡವರು ಸ್ವಾಧೀನಕ್ಕೆ ಬಂದಾಗಿನಿಂದ ಹನ್ನೆರಡು ವರ್ಷ ಅವಕಾಶವಿತ್ತು. ಗಾರ್ಡಿಯನ್ (ಪೋಷಕ) ಮಾಡಿದ ಪರಭಾರೆಯಾದರೆ ಅಪ್ರಾಪ್ತ ಪ್ರಾಯಕ್ಕೆ ಬಂದು ಮೂರು ವರ್ಷದೊಳಗೆ ಬರಬೇಕು. ಜಾಗರೂಕ ವಕೀಲರು ‘ಮನೆಯಲ್ಲಿ ಗಂಡುಮಕ್ಕಳು ಎಷ್ಟು, ಯಾರಿಗೆ ಎಷ್ಟು ವರ್ಷ’ ಎಂದು ಮೊದಲೇ ಕೇಳಿ, ಹಿರಿಯ ಮಕ್ಕಳ ಸಹಿ ಹಾಕಿಸಿ, ಕಿರಿಯರ ಪರವಾಗಿ ತಂದೆಯೇ ಗಾರ್ಡಿಯನ್ ಎಂದು ಬರೆಸುತ್ತಿದ್ದರು. 1956ರ ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆ ಬಂದ ಮೇಲೆ, ಅಪ್ರಾಪ್ತರ ಸ್ವಂತ ಸ್ಥಿರಾಸ್ತಿಯನ್ನು ಮಾರಲು ಸಹಜ ಪೋಷಕರೂ ಕೋರ್ಟಿನ ಅನುಮತಿ ಪಡೆಯಬೇಕಾಯಿತು.

ಅಣ್ಣತಮ್ಮಂದಿರನ್ನು ಸಾಕ್ಷಿಯಾಗಿ ಹಾಕಿಸುವುದೂ ಇತ್ತು. ಬರೀ ಸಾಕ್ಷಿ ಸಹಿ ಹಾಕಿದ ಮಾತ್ರಕ್ಕೆ ಪತ್ರದ ಒಳಗಿನ ವಿಷಯಕ್ಕೆ ಒಪ್ಪಿದಂತೆ ಆಗುವುದಿಲ್ಲವೆಂದು ಕೋರ್ಟುಗಳು ಹೇಳಿದ್ದುದರಿಂದ, ‘ಒಪ್ಪಿಗೆ ಸಾಕ್ಷಿ’ ಎಂದು ಸ್ಪಷ್ಟವಾಗಿ ಬರೆಸುವ ಪದ್ಧತಿ ಬಂತು.

ಹೆಣ್ಣುಮಕ್ಕಳ ಹಕ್ಕು ಆ ಪತ್ರಗಳಲ್ಲಿ ಏಕೆ ಕಾಣುವುದಿಲ್ಲ?

ಕಾನೂನು ಅವರಿಗೆ ಕೊಟ್ಟಿದ್ದೇ ಕಡಿಮೆ, ಕೊಟ್ಟದ್ದನ್ನೂ ಮನೆಯವರು ಕೇಳಗೊಡುತ್ತಿರಲಿಲ್ಲ. ವಿಧವೆಗೆ ಗಂಡನ ಆಸ್ತಿಯಲ್ಲಿ ಬಹುಮಟ್ಟಿಗೆ ಜೀವನಾಂಶ, ಇಲ್ಲವೆ ಬದುಕಿರುವವರೆಗಿನ ಸೀಮಿತ ಹಕ್ಕು. ಈ ವಿಷಯದಲ್ಲಿ ಮೈಸೂರು ಸಂಸ್ಥಾನ ಬ್ರಿಟಿಷ್ ಇಂಡಿಯಾಕ್ಕಿಂತ ಮುಂದೆ ನಡೆಯಿತು: 1933ರ ಮೈಸೂರು ಹಿಂದೂ ಕಾನೂನು ಮಹಿಳಾ ಹಕ್ಕುಗಳ ಕಾಯ್ದೆ, ವಿಭಾಗವಾಗುವಾಗ ತಾಯಿ, ವಿಧವೆಯರು, ಮದುವೆಯಾಗದ ಹೆಣ್ಣುಮಕ್ಕಳಿಗೆ ಪಾಲನ್ನು ಗೊತ್ತುಮಾಡಿತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರ ಹಕ್ಕಿನ ಕಾಯ್ದೆ ಬಂದದ್ದು 1937ರಲ್ಲಿ. 1933ರ ನಂತರದ ಪಾಲುಪಟ್ಟಿಗಳನ್ನು ಓದುವಾಗ ಈ ಹೆಂಗಸರ ಹೆಸರು ಎಲ್ಲಿ ಹೋಯಿತೆಂದು ಕೇಳಲೇಬೇಕು. ಬಹಳ ಪತ್ರಗಳಲ್ಲಿ ಅವರ ಪಾಲಿನ ಬದಲು ‘ಅರಿಶಿನ ಕುಂಕುಮಕ್ಕೆ’ ಎಂದೋ ‘ಅನ್ನವಸ್ತ್ರಕ್ಕೆ’ ಎಂದೋ ಒಂದು ಸಾಲು ಇರುತ್ತದೆ. ಪಾಲನ್ನು ಬಲ್ಲ ವಕೀಲರು ಆ ಸಾಲನ್ನು ಹಾಗೆಯೇ ಬಿಟ್ಟದ್ದು ವೃತ್ತಿಯ ದೊಡ್ಡ ಕೊರತೆಯೆಂದೇ ನಾನು ತಿಳಿಯುತ್ತೇನೆ. ಕರ್ನಾಟಕದಲ್ಲಿ ಹೆಣ್ಣುಮಕ್ಕಳು ಹುಟ್ಟಿನಿಂದಲೇ ಸಹಭಾಗಿಗಳಾದದ್ದು ಹಿಂದೂ ಉತ್ತರಾಧಿಕಾರ ಕಾಯ್ದೆಯ 1994ರ ತಿದ್ದುಪಡಿಯಿಂದ, ದೇಶಕ್ಕೆಲ್ಲ ಅದು 2005ರಲ್ಲಿ ಬಂತು.

ಭೋಗ್ಯ, ಆಧಾರ, ಮುದ್ದತು ಕ್ರಯ ಇವುಗಳಲ್ಲಿ ವ್ಯತ್ಯಾಸವೇನು?

ಆಧಾರದಲ್ಲಿ ಜಮೀನು ಸಾಲಗಾರನ ಕೈಯಲ್ಲೇ ಉಳಿದು, ಸಾಲ ತೀರದಿದ್ದರೆ ಕೋರ್ಟಿನ ಮೂಲಕ ಹರಾಜಾಗುತ್ತದೆ. ಭೋಗ್ಯದಲ್ಲಿ ಜಮೀನಿನ ಸ್ವಾಧೀನ ಸಾಲ ಕೊಟ್ಟವನಿಗೆ ಹೋಗಿ, ಬೆಳೆ ಬಡ್ಡಿಗೆ ವಜಾ ಆಗುತ್ತದೆ. ಮುದ್ದತು ಕ್ರಯ ನೋಡುವುದಕ್ಕೆ ಮಾರಾಟ. ಗೊತ್ತಾದ ಅವಧಿಯಲ್ಲಿ ಹಣ ಕೊಟ್ಟರೆ ಜಮೀನು ವಾಪಸು, ಇಲ್ಲದಿದ್ದರೆ ಕ್ರಯ ಖಾಯಂ. ಹಳ್ಳಿಯ ಕುಟುಂಬಗಳು ಭೂಮಿ ಕಳೆದುಕೊಂಡದ್ದು ಹೆಚ್ಚಾಗಿ ಈ ಮೂರನೆಯ ದಾರಿಯಲ್ಲಿ. ಅದು ನಿಜವಾಗಿ ಮಾರಾಟವೋ, ಮಾರಾಟದ ವೇಷದ ಸಾಲವೋ ಎಂಬುದರ ಮೇಲೆ ಲೆಕ್ಕವಿಲ್ಲದಷ್ಟು ದಾವೆಗಳು ನಡೆದವು. ವಾಪಸು ಕೊಡುವ ಷರತ್ತು ಅದೇ ಪತ್ರದಲ್ಲಿ ಇಲ್ಲದಿದ್ದರೆ ಅದನ್ನು ಅಡಮಾನವೆಂದು ಭಾವಿಸತಕ್ಕದ್ದಲ್ಲ ಎಂದು ಆಸ್ತಿ ವರ್ಗಾವಣೆ ಕಾಯ್ದೆಯ 1929ರ ತಿದ್ದುಪಡಿ ಹೇಳಿದ ಮೇಲೆ, ಷರತ್ತನ್ನು ಬೇರೆ ಕಾಗದದಲ್ಲಿ ಬರೆಸಿಕೊಂಡಿದ್ದ ರೈತನ ದಾರಿ ಇನ್ನೂ ಕಿರಿದಾಯಿತು.

ಭೋಗ್ಯ ಬಿಡಿಸಿಕೊಳ್ಳಲು 1908ರ ಕಾಲಮಿತಿ ಕಾಯ್ದೆ ಅರವತ್ತು ವರ್ಷ ಕೊಟ್ಟಿತ್ತು. 1963ರ ಕಾಯ್ದೆ ಅದನ್ನು ಮೂವತ್ತಕ್ಕೆ ಇಳಿಸಿತು. ಅಜ್ಜ ಭೋಗ್ಯಕ್ಕೆ ಹಾಕಿದ ಗದ್ದೆಯನ್ನು ಮೊಮ್ಮಗ ಬಿಡಿಸಿಕೊಂಡ ಸಂಗತಿಗಳು ಮನೆಮನೆಯಲ್ಲಿ ಕೇಳಸಿಗುವುದು ಈ ಅರವತ್ತು ವರ್ಷದ ದೆಸೆಯಿಂದ.

ವಿಭಾಗದ ದಾವೆಗಳು ಅಷ್ಟು ವರ್ಷ ಏಕೆ ಎಳೆಯುತ್ತಿದ್ದವು?

ಕೋರ್ಟಿನ ಒಂದು ಡಿಕ್ರಿಯಿಂದ (ತೀರ್ಪಿನ ಆಜ್ಞೆಯಿಂದ) ಮುಗಿಯುವ ಕೆಲಸ ಅದಲ್ಲ. ಮೊದಲು ಯಾರಿಗೆ ಎಷ್ಟು ಪಾಲೆಂದು ಪ್ರಾಥಮಿಕ ಡಿಕ್ರಿ; ಅದರ ಮೇಲೆ ಅಪೀಲು. ಆಮೇಲೆ ಕಂದಾಯ ಕಟ್ಟುವ ಜಮೀನನ್ನು ಪಾಲು ಮಾಡಿಕೊಡುವ ಕೆಲಸ ಸಿವಿಲ್ ಪ್ರಕ್ರಿಯಾ ಸಂಹಿತೆಯ 54ನೇ ಪ್ರಕರಣದಂತೆ ಕಂದಾಯ ಅಧಿಕಾರಿಗಳಿಗೆ ಹೋಗುತ್ತಿತ್ತು, ಮನೆಗಳಿಗೆ ಕಮಿಷನರ್ ಬಂದು ಅಂತಿಮ ಡಿಕ್ರಿ ಆಗಬೇಕಾಗಿತ್ತು. ಈ ನಡುವೆ ಒಬ್ಬ ಪಾಲುದಾರ ತೀರಿಕೊಂಡರೆ ಅವನ ವಾರಸುದಾರರನ್ನು ಕಾಲಮಿತಿಯೊಳಗೆ ದಾಖಲೆಗೆ ತರಬೇಕು. ಸಾವಿನ ಸುದ್ದಿ ಬಂದ ಕೂಡಲೇ ವಕೀಲರ ಗುಮಾಸ್ತರು ತಾರೀಖು ಬರೆದಿಟ್ಟುಕೊಳ್ಳುತ್ತಿದ್ದುದು ನಿರ್ದಯೆಯಿಂದಲ್ಲ.

ಇನಾಂ ಜಮೀನುಗಳ ವಿಷಯ ಹೇಗೆ?

ಅರಸರು ಸೇವೆಗೋ ಧರ್ಮಕ್ಕೋ ದಾನವಾಗಿ ಬಿಟ್ಟ ಜಮೀನು ಇನಾಂ. ಇದೊಂದು ಪ್ರತ್ಯೇಕ ಪರಿಣತಿ. ಜೋಡಿ ಗ್ರಾಮ, ಸರ್ವಮಾನ್ಯ, ಶ್ರೋತ್ರಿಯ, ಕಾಯಂಗುತ್ತ, ದೇವಾದಾಯ ಎಂದು ಬಗೆಬಗೆಯ ಹಿಡುವಳಿಗಳಿದ್ದವು. 1954ರ ಮೈಸೂರು ವೈಯಕ್ತಿಕ ಮತ್ತು ಇತರ ಇನಾಂ ರದ್ದತಿ ಕಾಯ್ದೆ, 1955ರ ಧಾರ್ಮಿಕ ಮತ್ತು ಧರ್ಮಾದಾಯ ಇನಾಂ ರದ್ದತಿ ಕಾಯ್ದೆಗಳಿಂದ ಅವು ಸರ್ಕಾರಕ್ಕೆ ಸೇರಿ, ಗೇಣಿದಾರರೂ ಇನಾಂದಾರರೂ ವಿಶೇಷ ಜಿಲ್ಲಾಧಿಕಾರಿಗಳ ಮುಂದೆ ಅರ್ಜಿ ಹಾಕಿ ತಮ್ಮನ್ನು ನೋಂದಾಯಿಸಿಕೊಳ್ಳಬೇಕಾಯಿತು. ಖದೀಂ (ಹಳೆಯ ಕಾಲದಿಂದ ಬಂದ) ಗೇಣಿದಾರನೋ, ಖಾಯಂ ಗೇಣಿದಾರನೋ, ಅರೆಖಾಯಂ ಗೇಣಿದಾರನೋ ಎಂಬುದನ್ನು ಸಾಬೀತುಪಡಿಸಲು ಹಳೆಯ ಗೇಣಿ ರಶೀದಿಗಳ ಹುಡುಕಾಟ ನಡೆಯಿತು. 1961ರ ಗ್ರಾಮ ಕಚೇರಿಗಳ ರದ್ದತಿ ಕಾಯ್ದೆಯಿಂದ ಪಟೇಲ, ಶಾನುಭೋಗ, ತೋಟಿ, ತಳವಾರ, ನೀರಗಂಟಿಗಳ ಇನಾಂತಿ ಜಮೀನುಗಳೂ ಇದೇ ದಾರಿ ಹಿಡಿದವು.

ಕರಾವಳಿಯಲ್ಲೂ ಹೀಗೆಯೇ ಇತ್ತೆ?

ಇಲ್ಲ. ದಕ್ಷಿಣ ಕನ್ನಡದ ವಕೀಲರು ಮದರಾಸು ಹೈಕೋರ್ಟಿನ ಅಧೀನದಲ್ಲಿ, ಮೂಲಗೇಣಿ (ಖಾಯಂ ಗೇಣಿ) ಮತ್ತು ಚಾಲಗೇಣಿಗಳ (ತಾತ್ಕಾಲಿಕ ಗೇಣಿ) ನಡುವೆ, ಅಳಿಯಸಂತಾನ ಕಟ್ಟಿನ ಕುಟುಂಬಗಳ ನಡುವೆ ಕೆಲಸ ಮಾಡಿದರು. ಅಲ್ಲಿ ಪಾಲಿನ ಲೆಕ್ಕ ತಾಯಿಯ ಕಡೆಯಿಂದ ಹಿಡಿಯಬೇಕು. ಕೊಡಗಿನ ವಂಶಪಾರಂಪರ್ಯದ ಜಮ್ಮಾ ಹಿಡುವಳಿಗೂ ತನ್ನದೇ ಕಟ್ಟುಪಾಡುಗಳು. ಅವುಗಳನ್ನು ಬೇರೆಯಾಗಿಯೇ ಬರೆಯಬೇಕು.

1974ರಲ್ಲಿ ಈ ವೃತ್ತಿಗೆ ಏನಾಯಿತು?

ದೇವರಾಜ ಅರಸರ ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿ ಜಮೀನುಗಳೆಲ್ಲ ಸರ್ಕಾರಕ್ಕೆ ಸೇರಿದವು. ಉಳುವವನು 7ನೇ ನಮೂನೆಯಲ್ಲಿ ಅರ್ಜಿ ಹಾಕಿ ಅಧಿಭೋಗದ ಹಕ್ಕನ್ನು, ಅಂದರೆ ಆ ಜಮೀನನ್ನು ತನ್ನ ಹೆಸರಿಗೆ ಮಾಡಿಕೊಡಬೇಕೆಂದು, ಕೇಳಬಹುದಾಗಿತ್ತು. ಜನ ಅದನ್ನು ‘ಡಿಕ್ಲರೇಷನ್ ಹಾಕುವುದು’ ಎಂದು ಕರೆದರು. ಕೊನೆಯ ಗಡುವು 1979ರ ಜೂನ್ 30ರವರೆಗೆ ಮುಂದುವರಿಯಿತು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷತೆಯ ಭೂ ನ್ಯಾಯಮಂಡಳಿಗಳು ಅರ್ಜಿಗಳನ್ನು ತೀರ್ಮಾನಿಸಿದವು. ಗೇಣಿಯ ಪ್ರಶ್ನೆ ಎದ್ದರೆ ಸಿವಿಲ್ ಕೋರ್ಟು ಅದನ್ನು ಮಂಡಳಿಗೆ ಕಳಿಸಬೇಕು. ಅದಕ್ಕೂ ಮಿಗಿಲಾಗಿ, ಕಾಯ್ದೆಯ 48ನೇ ಪ್ರಕರಣದ 8ನೇ ಉಪಪ್ರಕರಣ ಮಂಡಳಿಯ ಮುಂದೆ ವಕೀಲರು ಹಾಜರಾಗುವುದನ್ನೇ ನಿಷೇಧಿಸಿತು.

ವಕೀಲರಿಗೆ ಇದು ದೊಡ್ಡ ಪೆಟ್ಟು, ಅವರ ಅಸಮಾಧಾನಕ್ಕೆ ಕಾನೂನಿನ ಬಲವೂ ಇತ್ತು: 1987ರಲ್ಲಿ ಸುಪ್ರೀಂ ಕೋರ್ಟು ಭೂಸುಧಾರಣೆಯನ್ನು ಎತ್ತಿಹಿಡಿಯಿತು, ವಕೀಲರ ಮೇಲಿನ ಆ ನಿಷೇಧವನ್ನು ಮಾತ್ರ ರದ್ದು ಮಾಡಿತು. ಆದರೂ ನಿಷೇಧದ ಹಿಂದಿನ ಆತಂಕ ಆಧಾರವಿಲ್ಲದ್ದಲ್ಲ. ತಲೆಮಾರುಗಳಿಂದ ಉತ್ತವನ ಬಳಿ ಕಾಗದವಿರಲಿಲ್ಲ. ಗೇಣಿಗೆ ರಶೀದಿ ಕೊಡುವ ಪದ್ಧತಿ ಎಷ್ಟೋ ಊರುಗಳಲ್ಲಿ ಇರಲಿಲ್ಲ. ಪಹಣಿಯ ಸಾಗುವಳಿ ಕಾಲಂ ಬರೆಯುತ್ತಿದ್ದವರು ಬಹಳ ಸಲ ಮಾಲೀಕರ ಕಡೆಯವರು. ಕಾಗದವನ್ನು ಆಳವಾಗಿ ಓದುವ ವಿದ್ಯೆ ಕಾಗದ ಇದ್ದವರಿಗೆ ಆಸರೆಯಾಗಿತ್ತು. ಪತ್ರದಲ್ಲಿ ಇಲ್ಲದ ಮಗನನ್ನು ಹುಡುಕಿ ತೆಗೆಯುತ್ತಿದ್ದ ಕಣ್ಣು ಪತ್ರದಲ್ಲಿ ಇಲ್ಲದ ಗೇಣಿದಾರನನ್ನು ತೊಡಕಾಗಿ ಮಾತ್ರ ಕಂಡಿತು. ಗೇಣಿದಾರರ ಪರ ನಿಂತ ವಕೀಲರೂ ಇದ್ದರು. ಅವರು ನೆರೆಹೊರೆಯ ಜಮೀನಿನವರ ಹೇಳಿಕೆ, ಕಣದಲ್ಲಿ ಅಳೆದ ಭತ್ತದ ಲೆಕ್ಕ, ಪಕ್ಕದ ಜಮೀನಿನ ಕ್ರಯಪತ್ರದ ಚಕ್ಕುಬಂದಿಯಲ್ಲಿ ‘ಇಂಥವನು ಗೇಣಿ ಮಾಡುವ ಹೊಲ’ ಎಂದು ಆಕಸ್ಮಿಕವಾಗಿ ಬಿದ್ದ ಒಂದು ಸಾಲು, ಇಂಥವುಗಳಿಂದ ಸಾಕ್ಷ್ಯ ಕಟ್ಟಿಕೊಟ್ಟರು. ಈ ವೃತ್ತಿಯ ಅತ್ಯುತ್ತಮ ಕೆಲಸ ಅದೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮ ಮನೆಯಲ್ಲಿರುವ ಹಳೆಯ ಪತ್ರವನ್ನು ಓದಲು ಎಲ್ಲಿಂದ ಶುರು ಮಾಡಬೇಕು?

ಹಿಂಬದಿಯಿಂದ. ಪತ್ರದ ಹಿಂದೆ ಸಬ್‌ರಿಜಿಸ್ಟ್ರಾರರ ಷರಾ ಇರುತ್ತದೆ: ಯಾರು, ಯಾವ ದಿನ, ಎಷ್ಟು ಗಂಟೆಗೆ ಹಾಜರುಪಡಿಸಿದರು, ಬರೆದುಕೊಟ್ಟವರು ಒಪ್ಪಿಕೊಂಡರೆ, ಹಣ ಅಧಿಕಾರಿಯ ಮುಂದೆ ಸಂದಾಯವಾಯಿತೆ ಅಥವಾ ಮೊದಲೇ ಸಂದಿತ್ತೆ, ಗುರುತಿಸಿದವರು ಯಾರು, ಎಡಗೈ ಹೆಬ್ಬೆಟ್ಟಿನ ಗುರುತು ಯಾರದು. ಕೊನೆಯಲ್ಲಿ ದಸ್ತಾವೇಜು ನಂಬರು, ವರ್ಷ, 1ನೇ ಪುಸ್ತಕದ ವಾಲ್ಯೂಮ್ ಮತ್ತು ಪುಟಗಳು. ಮುಂಭಾಗ ಹರಿದು ಹೋಗಿದ್ದರೂ ಈ ನಂಬರು ಉಳಿದಿದ್ದರೆ, ಆಗ ನೋಂದಣಿಯಾದ ಕಚೇರಿಯಲ್ಲಿ ಅರ್ಜಿ ಕೊಟ್ಟು ದೃಢೀಕೃತ ನಕಲು ಪಡೆಯಬಹುದು. ತಾಲ್ಲೂಕು ಒಡೆದು ಹೊಸ ಕಚೇರಿ ಬಂದಿದ್ದರೆ ಹಳೆಯ ವಾಲ್ಯೂಮುಗಳು ಮೂಲ ಕಚೇರಿಯಲ್ಲೇ ಇರಬಹುದಾದ್ದರಿಂದ ಮೊದಲು ಅಲ್ಲಿ ವಿಚಾರಿಸಿ. ಮೂಲ ಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ. ಛಾಪಾ ಕಾಗದದ ಗುರುತು, ಶಾಯಿ, ಹೆಬ್ಬೆಟ್ಟಿನ ಗೆರೆಗಳನ್ನು ಪರೀಕ್ಷಿಸಬೇಕಾದ ಸಂದರ್ಭ ಬಂದರೆ ಅದು ಅಡ್ಡಿಯಾಗುತ್ತದೆ.